ಊಟದ ವ್ಯವಸ್ಥೆ: ಮಲ್ಲಿ

ಮಸಿನಗುಡಿ
9 ಫೆಬ್ರವರಿ 2004

ಭುವನಾ,

ನೀವೆಲ್ಲ ಮೈಸೂರು ಸೇರಿದ್ದು ಗೊತ್ತಾಯಿತು. ನಿಮ್ಮಪ್ಪ ಎಸ್‌ಟಿಡಿ ಬೂತಿನಲ್ಲಿ ಮಾತಾಡಿ ಬಂದು, ಮಗಳು ನಿನ್ನನ್ನ ಕೇಳಿದಳು ಅಂದರು. ನಾನು ಬೇಕಂತಲೇ ಬರಲಿಲ್ಲ. ಅಲ್ಲಿ ನಿಂತು ಜಗಳ ಆಡಿದರೆ ಬಸ್‌ಸ್ಟ್ಯಾಂಡಿಗೆಲ್ಲ ಕೇಳುತ್ತೆ. ಅದಕ್ಕೇ ಬರೀತಿದೀನಿ. ಗುಂಡ್ಲುಪೇಟೇಲಿ ಎಸ್ಸೆಸ್ಸೆಲ್ಸಿ ತನಕ ಓದಿದ್ದು ಇಂಥ ಹೊತ್ತಿಗಾದರೂ ಉಪಯೋಗಕ್ಕೆ ಬರಲಿ.

ಒಂದು ವಾರ ನಿಮ್ಮ ಸಿನಿಮಾ ಪಟಾಲಮ್ಮಿಗೆ ಬೇಯಿಸಿ ಹಾಕಿದೀನಿ. ಕ್ಯಾಮೆರಾದ ಸುರೇಂದ್ರನ್ ಗೂಡಲೂರಿನ ಹುಡುಗ, ಅವನಿಗೆ ಕುಸುಬಲಕ್ಕಿ ಅನ್ನವೇ ಆಗಬೇಕು. ಕಿವಿಗೆ ಡಬ್ಬಿ ಸಿಕ್ಕಿಸಿಕೊಂಡು ಸೌಂಡು ಹಿಡಿಯೋ ಅಭಿನಯಾಗೆ ಬೆಳ್ಳುಳ್ಳಿ ಆಗಲ್ಲ. ನನ್ನ ಕುಕ್ಕರ್ ಕೂಗಿದರೆ ಶಾಟು ಕೆಟ್ಟಿತು ಅಂತ ಆ ಹುಡುಗಿ ಓಡಿ ಬರ್ತಿದ್ದಳು. ನನ್ನ ಅಡುಗೆಮನೇಲಿ ನಾನೇ ಕಳ್ಳಿ ಥರ ಪಾತ್ರೆ ಎತ್ತಿಟ್ಟೆ. ಅದಕ್ಕೆಲ್ಲ ನನಗೆ ಬೇಜಾರಿಲ್ಲ, ಮಕ್ಕಳು ತಿಂದವು, ಚೆನ್ನಾಗಿರಲಿ.

ಬೇಜಾರು ಯಾವುದಕ್ಕೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಬಸ್ಸು ಹತ್ತಿದೆ. ಮಗಳನ್ನ ಹಾಸ್ಟೆಲಿಗೆ ಕಳಿಸೋ ತಾಯಿ ಕತೆ ಅಂತ ನೀನೇ ಹೇಳಿದ್ದೆ. ಮಗಳನ್ನ ಹಾಸ್ಟೆಲಿಗೆ ಕಳಿಸಿದ್ದು ಯಾರು, ನಾನಾ ಇಲ್ಲ ಜಯಂತಿಯಾ? ಮೊದಲನೇ ದಿನ ಬೆಳಿಗ್ಗೆ ಅವಳು ಸೀರೆ ಉಟ್ಟುಕೊಂಡು ಬಂದು ನಮ್ಮ ಪಡಸಾಲೇಲಿ ಕೂತಳು, ನೀನು ಅವಳ ಹಣೆಗೆ ಕುಂಕುಮ ಇಟ್ಟೆ. ಆಗ ನನಗೆ ತಿಳೀತು ಅಮ್ಮನ ಪಾರ್ಟು ಓರಗಿತ್ತಿಗೆ ಹೋಯಿತು ಅಂತ. ನಾನು ಆವತ್ತು ನಿಮ್ಮೆಲ್ಲರಿಗೆ ಉಪ್ಪಿಟ್ಟು ಬಡಿಸುತ್ತಾ ನಿಂತಿದ್ದೆ.

ನನ್ನ ಮುಖಕ್ಕೆ ಏನಾಗಿತ್ತು? ಅವಳಷ್ಟು ಬೆಳ್ಳಗಿಲ್ಲ, ಒಪ್ಪಿದೆ. ಅವಳು ರೆಸಾರ್ಟಿನಲ್ಲಿ ಗೆಸ್ಟುಗಳಿಗೆ ನಗುನಗುತ್ತಾ ಮಾತಾಡೋದು ಕಲಿತಿದಾಳೆ, ಅದೂ ಒಪ್ಪಿದೆ. ಆದರೆ ಕಾಡಂಚಿನಲ್ಲಿರೋ ಬಡವಿ ತಾಯಿ ಮುಖ ಅಂದರೆ ಕೀಳ್ ಕೋತಗಿರಿಯ ಟೀ ಎಸ್ಟೇಟಿನಲ್ಲಿ ಕೆನೆಹಾಲು ಕುಡಿದು ಬೆಳೆದವಳ ಮುಖವಾ?

ಇನ್ನೊಂದು ಮಾತು ಬರೀಬಾರದು ಅಂತಿದ್ದೆ, ಬರೀತೀನಿ. ನಿನಗೆ ಮೂರು ವರ್ಷ ಇದ್ದಾಗ ನನಗೆ ಕಾಮಾಲೆ ಆಗಿ ತವರಿಗೆ ಹೋಗಿ ಮಲಗಿದೆ. ನೀನು ಒಂದು ವರ್ಷ ಅವಳ ಹತ್ತಿರ ಇದ್ದೆ. ನಾನು ವಾಪಸು ಬಂದರೆ ನೀನು ಅವಳನ್ನ ಅಮ್ಮ ಅಂತಿದ್ದೆ, ನನ್ನನ್ನ ನೋಡಿ ಅವಳ ಸೀರೆ ಹಿಂದೆ ಅವಿತುಕೊಂಡೆ. ಅವಳು ಅದನ್ನ ಈಗಲೂ ಹೇಳಿಕೊಂಡು ನಗ್ತಾಳೆ. ನನಗೆ ಯಾವತ್ತೂ ನಗು ಬಂದಿಲ್ಲ.

ಹುಣಿಸೆತೊಕ್ಕು ಡಬ್ಬೀಲಿ ಇಟ್ಟಿದ್ದೆ, ನೋಡಿದೆಯಾ. ತಲೆಗೆ ಎಣ್ಣೆ ಹಚ್ಚಿಕೋ.

ಇಂತಿ, ನಿನ್ನ ನಿಜವಾದ ಅಮ್ಮ,
ಮಲ್ಲಿ

---

ಮೈಸೂರು
21 ಫೆಬ್ರವರಿ 2004

ಅಮ್ಮ,

ನಿನ್ನ ಕಾಗದ ಬಂತು. ರೂಮಿನಲ್ಲಿ ಅಭಿನಯಾ ಇದ್ದಳು, ಅದಕ್ಕೆ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಹೋಗಿ ಓದಿದೆ. ಎರಡು ಸಲ ಓದಿದೆ.

ನಿನಗೆ ಮೊದಲೇ ಹೇಳಬೇಕಿತ್ತು. ಹೇಳೋಕೆ ಧೈರ್ಯ ಸಾಲಲಿಲ್ಲ, ನಿನ್ನ ಕೋಪ ನನಗೆ ಗೊತ್ತಲ್ಲ. ನಿನ್ನನ್ನ ನಾನು ಬಿಟ್ಟಿಲ್ಲ ಅಮ್ಮ, ಮೊದಲು ನೋಡಿದ್ದೇ ನಿನ್ನನ್ನ. ದೀಪಾವಳಿಗೆ ಸುರೇಂದ್ರನ್ ನಮ್ಮನೆಗೆ ಬಂದಾಗ ಕಾಲೇಜಿನ ಕ್ಯಾಮೆರಾ ತಂದಿದ್ದ. ಸುಮ್ಮನೆ ಆಟಕ್ಕೆ ಅಂತ ಹೇಳಿ ನಿನ್ನ ಕೈಲಿ ಸೌದೆ ಹೊರಿಸಿ ಹಿತ್ತಲಿಂದ ಬಾ ಅಂದೆನಲ್ಲ, ಅದು ಆಟ ಅಲ್ಲ. ಕ್ಯಾಮೆರಾ ಕಡೆ ನೋಡಬೇಡ, ನಿನ್ನ ಪಾಡಿಗೆ ಬಾ ಅಂತ ಹೇಳಿದ್ದೆ. ನೀನು ಕ್ಯಾಮೆರಾ ನೋಡಲಿಲ್ಲ. ಅದರ ಪಕ್ಕ ನಿಂತಿದ್ದ ನನ್ನನ್ನ ನೋಡಿದೆ. ನಾಲ್ಕು ಸಲ ತೆಗೆದೆವು, ನಾಲ್ಕು ಸಲವೂ ಬಾಗಿಲ ಹತ್ತಿರ ಬರುತ್ತಲೇ ನಿನ್ನ ಕಣ್ಣು ನನ್ನ ಮೇಲೆ. ಕೊನೇ ಸಲ, ಚಳಿ ಇದೆ ಸ್ವೆಟರ್ ಹಾಕ್ಕೋ ಅಂತ ನನಗೆ ಬೇರೆ ಅಂದೆ.

ಅದನ್ನ ನಮ್ಮ ಮೇಷ್ಟ್ರಿಗೆ ತೋರಿಸಿದೆ. ಇವರು ಅಮ್ಮನ ಪಾರ್ಟು ಮಾಡ್ತಿಲ್ಲ, ನಿನಗೆ ಅಮ್ಮ ಆಗಿದಾರೆ, ಇದು ಸಿನಿಮಾಕ್ಕೆ ಒದಗಲ್ಲ ಅಂದರು. ಚಿಕ್ಕಮ್ಮ ಹಾಗಲ್ಲ. ಗೋಡೆ ನೋಡು ಅಂದರೆ ಗೋಡೆ ನೋಡ್ತಾಳೆ, ನಾನು ಅಲ್ಲಿದ್ದರೂ ಇಲ್ಲದ ಹಾಗೆ. ನಮಗೆ ಬೇಕಿದ್ದದ್ದು ಅಷ್ಟೇ.

ಮೂರು ವರ್ಷದ ಮಗು ಯಾರನ್ನ ಅಮ್ಮ ಅಂದಿತೋ ಅದಕ್ಕೆ ಈಗ ನಾನು ಏನು ಮಾಡಲಿ? ನನಗೆ ಅದೊಂದೂ ನೆನಪಿಲ್ಲ.

ತೊಕ್ಕು ಹಾಸ್ಟೆಲಿನವರೆಲ್ಲ ಸೇರಿ ಮುಗಿಸಿದೆವು.

ನಿನ್ನ ಮಗಳು,
ಭುವನಾ

---

ಮಸಿನಗುಡಿ
6 ಮಾರ್ಚ್ 2004

ಭುವನಾ,

ಮಗಳನ್ನ ನೋಡಿದ್ದು ತಪ್ಪು ಅಂತ ನಿಮ್ಮ ಮೇಷ್ಟ್ರು ಹೇಳಿದರಾ? ಒಳ್ಳೇ ಮೇಷ್ಟ್ರು. ಮತ್ತೇನು ನೋಡಬೇಕಿತ್ತು, ನಮ್ಮನೆ ಗೋಡೇನಾ?

ಇಲ್ಲಿ ನಡೀತಿರೋದು ಕೇಳು. ಜಯಂತಿಯ ಕಾಲು ನೆಲದ ಮೇಲಿಲ್ಲ. ಟೀ ಅಂಗಡಿ ಧರ್ಮಲಿಂಗಂ ಅವಳನ್ನ ಕಂಡರೆ ‘ನಮ್ಮೂರ ಸ್ಟಾರ್ ಬಂದರು’ ಅಂತ ಗ್ಲಾಸು ತೊಳೆದು ಕೊಡ್ತಾನೆ. ಶಾಟು ಹೇಗೆ ತೆಗೀತಾರೆ, ಲೈಟು ಎಲ್ಲಿಂದ ಬರಬೇಕು, ಎಲ್ಲ ಅವಳು ಅಲ್ಲಿ ಕೂತು ಪಾಠ ಮಾಡ್ತಾಳೆ. ನಮ್ಮ ಭುವನಾ ಹಂಗಂದಳು, ನಮ್ಮ ಭುವನಾ ಹಿಂಗಂದಳು. ಮಾತಿಗೆ ಮುಂಚೆ ನಮ್ಮ ಭುವನಾ. ಮೊನ್ನೆ ನನ್ನ ಎದುರಿಗೇ, ‘ಆ ಮಗು ನನ್ನ ಕೈಲೇ ಮಾತು ಕಲಿತದ್ದು ಅಣ್ಣ, ಅದಕ್ಕೇ ನಾನು ಹೇಳದೇ ಇದ್ದರೂ ನನ್ನ ಮನಸ್ಸು ಅದಕ್ಕೆ ತಿಳಿಯುತ್ತೆ’ ಅಂದಳು. ಅವನು ನನ್ನ ಮುಖ ನೋಡಿದ. ನಾನು ಸಕ್ಕರೆ ಪೊಟ್ಟಣ ಅಲ್ಲೇ ಬಿಟ್ಟು ಮನೆಗೆ ಬಂದೆ.

ಹೊಟ್ಟೆ ಉರೀತಿದೆ ಕಣೆ. ಇದನ್ನ ಬೇರೆ ಯಾರ ಹತ್ತಿರ ಹೇಳಲಿ? ನಿಮ್ಮಪ್ಪನಿಗೆ ಹೇಳಿದರೆ ಜೀಪು ಒರೆಸೋಕೆ ಎದ್ದು ಹೋಗ್ತಾರೆ. ನಮ್ಮಿಬ್ಬರ ಮನೆಗೂ ಇರೋದು ಒಂದೇ ಗೋಡೆ, ಅವಳು ಕೆಮ್ಮಿದರೆ ನನಗೆ ಕೇಳುತ್ತೆ. ಆದರೂ ಆವತ್ತಿಂದ ಮಾತು ಬಿಟ್ಟಿದೀನಿ. ಹಿತ್ತಲ ನಡುವಿನ ತಡಿಕೆ ಬಾಗಿಲಿಗೆ ಚಿಲಕ ಹಾಕಿದೆ. ಒಂದೆರಡು ಸಲ ಬಂದು ಅಕ್ಕಾ ಅಕ್ಕಾ ಅಂದಳು. ನಾನು ಓಗೊಡಲಿಲ್ಲ.

ನೀನು ಸಮಾಧಾನ ಮಾಡೋಕೆ ಬರಬೇಡ. ಓದು ನೋಡಿಕೋ.

ಮಲ್ಲಿ

---

ಮೈಸೂರು
22 ಮಾರ್ಚ್ 2004

ಅಮ್ಮ,

ಇಲ್ಲಿ ದೊಡ್ಡ ಎಡವಟ್ಟಾಗಿದೆ. ಕೊನೇ ಸೀನು ಹೋಯಿತು.

ಬಸ್ಸು ಮೋಯಾರು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ತಾಯಿ ನಿಂತು ನೋಡ್ತಾಳಲ್ಲ, ಅದು. ಆವತ್ತು ಎಲ್ಲರೂ ಹೇಗೆ ಬಂದಿದೆ ನೋಡೋಣ ಅಂತ ಗುಂಪು ಕಟ್ಟಿದೆವು, ಸುರೇಂದ್ರನ್ ಟೇಪು ಹಿಂದಕ್ಕೆ ಸುತ್ತಿ ಅಲ್ಲೇ ತೋರಿಸಿದ. ನೋಡಿ ಆದ ಮೇಲೆ ಮತ್ತೆ ಮುಂದಕ್ಕೆ ಸುತ್ತಬೇಕಿತ್ತು. ಮರೆತ. ಅದರ ಮೇಲೇ ದಾರೀಲಿ ಸಿಕ್ಕ ಜಿಂಕೆಗಳನ್ನ ತೆಗೆದ. ಈಗ ತಾಯಿ ನಿಂತಿರೋ ಜಾಗದಲ್ಲಿ ಹತ್ತು ನಿಮಿಷ ಜಿಂಕೆ ಇವೆ. ಅಭಿನಯಾ ಅವನ ಜೊತೆ ಮಾತು ಬಿಟ್ಟಿದಾಳೆ. ಅವನು ಅತ್ತ. ನಾನು ಬೈಯೋಕೂ ಆಗದೆ ಕೂತಿದೀನಿ, ಏಕೆಂದರೆ ತೋರಿಸು ಅಂತ ಪೀಡಿಸಿದ್ದು ನಾನೇ.

ಕೊನೇ ಸೀನು ಇಲ್ಲದಿದ್ದರೆ ಸಿನಿಮಾ ಇಲ್ಲ. ಹತ್ತನೇ ತಾರೀಕಿನೊಳಗೆ ಮತ್ತೆ ತೆಗೆದು ತನ್ನಿ ಅಂದಿದಾರೆ ಮೇಷ್ಟ್ರು. ಚಿಕ್ಕಮ್ಮನಿಗೆ ಹೇಳೋಣ ಅಂತ ಚಿಕ್ಕಪ್ಪನಿಗೆ ರೆಸಾರ್ಟಿಗೇ ಫೋನ್ ಮಾಡಿದೆ. ಅವಳು ಕೊಯಮತ್ತೂರಿನಲ್ಲಿ ಆಸ್ಪತ್ರೆ ಸೇರಿದಾಳಂತೆ. ಗರ್ಭಕೋಶ ತೆಗೆದರಂತೆ. ಅಷ್ಟು ಹೇಳಿ ಚಿಕ್ಕಪ್ಪ ಫೋನ್ ಇಟ್ಟುಬಿಟ್ಟರು. ಇಷ್ಟು ವರ್ಷ ಮಗು ಆಗಲಿ ಅಂತ ಆ ದೇವರು ಈ ಡಾಕ್ಟರು ಅಂತ ಸುತ್ತಿದ್ದರಲ್ಲ. ನೀನು ನನಗೆ ಯಾಕೆ ಬರೀಲಿಲ್ಲ?

ಇನ್ನು ಕೇಳಬಾರದ್ದು ಕೇಳ್ತೀನಿ, ಕಾಗದ ಹರಿದು ಹಾಕಬೇಡ. ಆ ಸೀನಿನಲ್ಲಿ ತಾಯಿಯ ಮುಖ ಕಾಣಲ್ಲ. ಕ್ಯಾಮೆರಾ ಹಿಂದಿರುತ್ತೆ, ಬೆನ್ನು ಮಾತ್ರ. ನೀನೂ ಚಿಕ್ಕಮ್ಮನೂ ಒಂದೇ ಎತ್ತರ. ಅದೇ ಸೀರೆ, ಅದೇ ಕಂದು ಸ್ವೆಟರ್ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ನಿಲ್ತೀಯಾ?

ಭುವನಾ

---

ಮಸಿನಗುಡಿ
27 ಮಾರ್ಚ್ 2004

ಭುವನಾ,

ನನಗೆ ಗೊತ್ತಿದ್ದರೆ ತಾನೇ ಬರೆಯೋದು. ಮಾತು ಬಿಟ್ಟಿದ್ದೆನಲ್ಲ, ನನಗೂ ಯಾರೂ ಹೇಳಲಿಲ್ಲ. ನಿಮ್ಮಪ್ಪನೇ ಅವಳನ್ನ ಜೀಪಿನಲ್ಲಿ ಕರಕೊಂಡು ಹೋಗಿ ಬಿಟ್ಟು ಬಂದಿದಾರೆ. ಭಾವ, ಅಕ್ಕನಿಗೆ ಹೇಳಬೇಡಿ ಅಂದಳಂತೆ. ಇವರು ಹೇಳಲಿಲ್ಲ. ಊಟಕ್ಕೆ ಕೂತಾಗ ಕೇಳಿದೆ, ತಟ್ಟೆ ನೋಡುತ್ತಾ ಹೂಂ ಅಂದರು. ಆವತ್ತು ನನಗೆ ಅನ್ನ ಸೇರಲಿಲ್ಲ.

ನಿನ್ನ ಇನ್ನೊಂದು ಮಾತಿಗೆ ಬಂದೆ. ಮುಖ ಬೇಡ, ಬೆನ್ನು ಬೇಕು. ಅದೂ ಅವಳ ಸೀರೆ ಉಟ್ಟು, ಅವಳಾಗಿ. ನನ್ನ ಮಗಳಿಗೆ ನಾನು ಅಮ್ಮನಾಗಿ ನಿಲ್ಲೋಕೆ ಜಯಂತಿಯ ವೇಷ ಹಾಕಬೇಕು. ಓದಿ ಕಾಗದ ಒಲೆಗೆ ಹಾಕೋಣ ಅಂತ ಎದ್ದೆ ಕೂಡ.

ಬಾ. ನಿನ್ನ ಚಿಕ್ಕಪ್ಪನ ಹತ್ತಿರ ಬೀಗದ ಕೈ ಇಸಕೊಂಡು ಸೀರೆ ಸ್ವೆಟರು ತೆಗೆದಿಟ್ಟಿದೀನಿ. ರವಿಕೆ ನನಗೆ ಬಿಗಿ, ಹೊಲಿಗೆ ಬಿಚ್ಚಿದೆ. ಅವಳ ಮನೇಲಿ ನೀರಿಲ್ಲದೆ ಕರಿಬೇವಿನ ಗಿಡ ಬಾಡಿತ್ತು, ಎರಡು ಚೊಂಬು ಹಾಕಿ ಬಂದೆ.

ಮಲ್ಲಿ

---

ಮೈಸೂರು
14 ಏಪ್ರಿಲ್ 2004

ಅಮ್ಮ,

ಟೇಪು ನೋಡಿದೆವು. ಮೇಷ್ಟ್ರು ಎದ್ದು ಹೊರಗೆ ಹೋಗಿ ಆಮೇಲೆ ಬಂದರು.

ಆವತ್ತು ನಡೆದದ್ದನ್ನ ನಿನಗೆ ಸರಿಯಾಗಿ ಹೇಳೋಕೇ ಆಗಲಿಲ್ಲ. ಮಗಳ ಪಾರ್ಟಿನ ಹುಡುಗಿಗೆ ಬರೋಕಾಗಲಿಲ್ಲ ಅಂತ ಅವಳ ದುಪಟ್ಟಾ ಹೊದ್ದು ಬಸ್ಸಿನ ಕಿಟಕೀಲಿ ನಾನೇ ಕೂತೆನಲ್ಲ. ಮೋಯಾರಿನಿಂದ ಬೆಳಿಗ್ಗೆ ಬರೋದು ಆ ಒಂದೇ ಬಸ್ಸು, ಇನ್ನೊಂದು ಸಲ ಅನ್ನೋ ಮಾತೇ ಇಲ್ಲ. ಮಾರನೇ ದಿನ ಪರೀಕ್ಷೆ ಇದ್ದದ್ದರಿಂದ ನಾನು ಹಾಗೇ ಹೊರಟೂ ಬಿಟ್ಟೆ. ಸುರೇಂದ್ರನ್ ಆಮೇಲೆ ಅಪ್ಪನ ಜೀಪಿನಲ್ಲಿ ಟೇಪು ತಗೊಂಡು ಬಂದ. ಬಸ್ಸು ತಿರುವು ದಾಟಿ ಎಷ್ಟೋ ಹೊತ್ತು ನೀನು ಅಲ್ಲೇ ನಿಂತಿದ್ದೆಯಂತೆ. ಕಟ್ ಅಂತ ಮೂರು ಸಲ ಕೂಗಿದನಂತೆ. ಅವನಿಗೆ ಹತ್ತಿರ ಬಂದು ಕರೆಯೋಕೆ ಭಯವಾಯಿತಂತೆ.

ಕ್ಯಾಮೆರಾ ನಿನ್ನ ಹಿಂದಿತ್ತು. ಅದಕ್ಕೆ ನಿನ್ನ ಮುಖ ಕಾಣಲಿಲ್ಲ. ಬಸ್ಸಿನಿಂದ ನನಗೆ ಕಾಣ್ತಿತ್ತು ಅಮ್ಮ. ತಿರುವು ಬರೋ ತನಕ ಕಾಣ್ತಿತ್ತು. ಗುಂಡ್ಲುಪೇಟೆ ದಾಟೋ ತನಕ ನನ್ನ ಅಳು ನಿಲ್ಲಲಿಲ್ಲ.

ಚಿಕ್ಕಮ್ಮ ಊರಿಗೆ ಬಂದಳಾ? ಅವಳಿಗೆ ಕೊನೇ ಸೀನಿನ ವಿಷಯ ನೀನೇ ಹೇಳ್ತೀಯಾ? ನನಗೆ ಬರೆಯೋಕೆ ಗೊತ್ತಾಗ್ತಿಲ್ಲ.

ಭುವನಾ

---

ಮಸಿನಗುಡಿ
29 ಏಪ್ರಿಲ್ 2004

ಭುವನಾ,

ಬಂದಿದಾಳೆ. ಅರ್ಧ ಆಗಿದಾಳೆ. ಭಾರ ಎತ್ತೋ ಹಾಗಿಲ್ಲ, ನಾನೇ ನೀರು ತುಂಬಿ ಕೊಡ್ತೀನಿ, ಸಾರು ಕಳಿಸ್ತೀನಿ. ತಡಿಕೆ ಬಾಗಿಲ ಚಿಲಕ ತೆಗೆದೆ. ಮಾತು ಬೇಕಾದಷ್ಟೇ.

ಸೀನಿನ ವಿಷಯ ಹೇಳಲಿಲ್ಲ. ಸೀರೆ ಒಗೆದು, ಹೊಲಿಗೆ ಮತ್ತೆ ಹಾಕಿ ಅವಳ ಟ್ರಂಕಿನಲ್ಲಿ ಇಟ್ಟಿದೀನಿ.

ಮಲ್ಲಿ

---

ಮೈಸೂರು
18 ಮೇ 2004

ಅಮ್ಮ,

ಸಿನಿಮಾ ಮುಗೀತು. ಸೀಡಿ ಕಂಡಕ್ಟರ್ ಆರುಮುಗಂ ಅಣ್ಣನ ಕೈಲಿ ಕಳಿಸಿದೀನಿ. ರೆಸಾರ್ಟಿನ ಊಟದ ಹಾಲಿನಲ್ಲಿ ದೊಡ್ಡ ಟೀವಿ ಇದೆಯಲ್ಲ, ಚಿಕ್ಕಪ್ಪ ಕೇಳಿದರೆ ಕೊಡ್ತಾರೆ, ಎಲ್ಲರೂ ಅಲ್ಲೇ ನೋಡಿ. ಪರೀಕ್ಷೆ ನಡೀತಿದೆ, ನನಗೆ ಬರೋಕಾಗಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಕೊನೇಲಿ ಹೆಸರು ಬರುತ್ತೆ. ಹೆಸರುಗಳನ್ನ ಬರೆದಿದ್ದು ಸುರೇಂದ್ರನ್, ಫೆಬ್ರವರಿಯಲ್ಲೇ ಬರೆದು ಇಟ್ಟಿದ್ದ. ಅಮ್ಮ: ಜಯಂತಿ ಅಂತ ಇದೆ. ಊಟದ ವ್ಯವಸ್ಥೆ: ಮಲ್ಲಿ ಅಂತ ಇದೆ. ನಾನು ನೋಡಿದಾಗ ಸೀಡಿ ಆಗಿಹೋಗಿತ್ತು. ಬೈಯಬೇಡ.

ಜೂನ್ ಕೊನೇಲಿ ಕೇರಳದ ಒಂದು ವಿದ್ಯಾರ್ಥಿ ಚಿತ್ರೋತ್ಸವಕ್ಕೆ ಇನ್ನೊಂದು ಪ್ರತಿ ಕಳಿಸ್ತೀವಿ. ಅದರಲ್ಲಿ ಸರಿಮಾಡಬಹುದು. ಚಿಕ್ಕಮ್ಮನ ಹೆಸರಿನ ಪಕ್ಕ ನಿನ್ನ ಹೆಸರೂ ಹಾಕ್ತೀನಿ, ಅಮ್ಮ: ಜಯಂತಿ, ಮಲ್ಲಿ ಅಂತ. ಇಲ್ಲ, ಕೊನೇ ದೃಶ್ಯದಲ್ಲಿ ಅಮ್ಮ: ಮಲ್ಲಿ ಅಂತ ಬೇರೆ ಹಾಕಲಾ? ನೀನು ಹೇಗೆ ಹೇಳ್ತೀಯೋ ಹಾಗೆ. ಅದು ನಿನ್ನ ಹಕ್ಕು.

ಭುವನಾ

---

ಮಸಿನಗುಡಿ
2 ಜೂನ್ 2004

ಭುವನಾ,

ಭಾನುವಾರ ನೋಡಿದೆವು. ಹಾಲು ತುಂಬಿತ್ತು. ಜಯಂತಿಗೆ ಹೊಲಿಗೆ ನೋವು ಇನ್ನೂ ಇದೆ, ಅವಳನ್ನ ಮುಂದೆ ಕುರ್ಚೀಲಿ ದಿಂಬು ಕೊಟ್ಟು ಕೂರಿಸಿದರು. ನಾನು ಹಿಂದೆ ಹೆಂಗಸರ ಜೊತೆ ಕೂತೆ.

ಸುಳ್ಳು ಹೇಳಲ್ಲ, ಅವಳು ಚೆನ್ನಾಗಿ ಮಾಡಿದಾಳೆ. ಗೋಡೆ ನೋಡಿದರೂ ಗೋಡೇಲಿ ಏನೋ ಇದೆ ಅನಿಸುತ್ತೆ. ನನಗೆ ಅದೂ ಉರಿಯಿತು. ಕೊನೇ ಸೀನು ಬಂತು. ನನ್ನ ಬೆನ್ನು ನಾನೇ ಮೊದಲ ಸಲ ನೋಡಿದ್ದು. ಲೈಟು ಹಾಕಿದಾಗ ಧರ್ಮಲಿಂಗಂ ಕಣ್ಣು ಒರೆಸಿಕೊಂಡು ಜಯಂತಿಯ ಹತ್ತಿರ ಹೋಗಿ, ಮುಖಾನೇ ತೋರಿಸದೆ ನಮ್ಮನ್ನೆಲ್ಲ ಅಳಿಸಿಬಿಟ್ಟೆಯಲ್ಲಮ್ಮ ಅಂದ. ಎಲ್ಲರೂ ಅವಳ ಸುತ್ತ ನಿಂತರು.

ನಾನು ಎದ್ದೆ. ಈ ಗಳಿಗೆಗೇ ಕಾದಿದ್ದೆ ಕಣೆ. ಹೇಳಬೇಕಾದ್ದು ಬಾಯಿ ತುದೀಲಿತ್ತು. ಅಷ್ಟರಲ್ಲಿ ಅವಳೇ, ‘ಅದು ನಾನಲ್ಲ ಅಣ್ಣ. ಆಗ ನಾನು ಕೊಯಮತ್ತೂರಿನಲ್ಲಿದ್ದೆ. ಅದು ಭುವನಾ ತಾಯಿ’ ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲು ತೆಗೆದದ್ದನ್ನ ಆವತ್ತೇ ಅವಳೂ ನೋಡಿದ್ದಳು, ಅವಳ ಬೆನ್ನು ಯಾವುದು ನನ್ನದು ಯಾವುದು ಅಂತ ಗೊತ್ತಿರಲ್ಲವಾ. ಎಲ್ಲರೂ ನನ್ನ ಕಡೆ ತಿರುಗಿದರು. ಹೇಳೋ ಭಾಗ್ಯಾನೂ ನನಗೆ ಬಿಡಲಿಲ್ಲ ನೋಡು, ಅದನ್ನೂ ಅವಳೇ ತಗೊಂಡಳು. ಎಲ್ಲರೆದುರು ದೊಡ್ಡವಳಾದಳು. ನಾನು ಬಾಯಿ ತೆರೆದುಕೊಂಡು ನಿಂತೆ.

ಮನೆಗೆ ವಾಪಸು ಬರುವಾಗ ಏರಿನಲ್ಲಿ ಅವಳಿಗೆ ನಡೆಯೋಕಾಗಲಿಲ್ಲ, ನನ್ನ ಭುಜ ಹಿಡಿದಳು. ನಿಂತು ನಿಂತು ಬಂದೆವು. ಗಂಡಸರು ಮುಂದೆ ಹೋದರು. ಆಗ ಹೇಳಿದಳು.

‘ಅಕ್ಕಾ, ನೀನು ಕಾಮಾಲೆ ವಾಸಿಯಾಗಿ ಬಂದು ಮಗೂನ ಎತ್ತಿಕೊಂಡು ಹೋದೆಯಲ್ಲ, ಆವತ್ತು ನಾನು ಬಾಗಿಲಲ್ಲಿ ಹಂಗೇ ನಿಂತಿದ್ದೆ. ಪಕ್ಕದ ಮನೆಗೆ ತಾನೇ, ಹತ್ತು ಹೆಜ್ಜೆ. ಅದು ನಿನ್ನ ಹೆಗಲ ಮೇಲಿಂದ ನನ್ನನ್ನ ಅಮ್ಮ ಅಂತ ಕರೆದು ಅಳ್ತಿತ್ತು. ನಾನು ಓಗೊಟ್ಟರೆ ನಿನ್ನ ಹತ್ತಿರ ಉಳಿಯಲ್ಲ ಅಂತ ಸುಮ್ಮನೆ ನಿಂತೆ.’

ಹೌದು, ನೀನು ಅತ್ತದ್ದು ನನಗೆ ನೆನಪಿದೆ. ಇಷ್ಟು ವರ್ಷ ನಾನು ಆ ಅಳುವನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವಳ ಮೇಲೆ ಉರೀತಿದ್ದೆ. ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಒಬ್ಬಳು ನಿಂತಿದ್ದಾಳೆ ಅಂತ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕಿತ್ತು? ನನ್ನ ಮಗು, ನಾನು ಎತ್ತಿಕೊಂಡು ಬಂದೆ. ಅದರಲ್ಲಿ ತಪ್ಪೇನೂ ಇಲ್ಲ, ಈಗಲೂ ಹಾಗೇ ಹೇಳ್ತೀನಿ. ಆದರೆ ಅವಳಿಗೆ ಇನ್ನು ಮಕ್ಕಳು ಆಗಲ್ಲ ಭುವನಾ. ಅದನ್ನ ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಾಗಿಲು ತೆಗೆದು ಒಳಗೆ ಮಲಗಿಸಿ ಬಂದೆ.

ಹೆಸರಿನ ವಿಷಯ ನೀನು ಕೇಳಿದ್ದೆ. ನನ್ನ ಹೆಸರು ಬೇಡ. ಅಮ್ಮ ಅನ್ನೋ ಕಡೆ ಅವಳದೊಂದೇ ಹೆಸರು ಇರಲಿ, ನೀನು ಯಾವ ದೇಶಕ್ಕೆ ಕಳಿಸಿದರೂ ಹಾಗೇ ಕಳಿಸು. ನನಗೆ ಹೊಟ್ಟೆಕಿಚ್ಚು ಹೋಯಿತು ಅಂತ ಮಾತ್ರ ತಿಳೀಬೇಡ. ಹೋಗಿಲ್ಲ. ಇದನ್ನ ಬರೆಯೋವಾಗಲೂ ಎರಡು ಸಲ ಪೆನ್ನು ಕೆಳಗಿಟ್ಟೆ.

ಪರೀಕ್ಷೆ ಮುಗಿಸಿ ಬರ್ತೀಯಲ್ಲ, ಬಸ್ಸಿಳಿದ ತಕ್ಷಣ ಮೊದಲು ಅವಳ ಮನೆಗೆ ಹೋಗು. ಬ್ಯಾಗು ಅಲ್ಲೇ ಇಡು. ಅವಳು ಏನು ಕೊಡ್ತಾಳೋ ತಿನ್ನು. ಚಿಕ್ಕವಳಿದ್ದಾಗ ಏನಂತ ಕರೀತಿದ್ದೆಯೋ ಒಂದು ಸಲ ಹಾಗೇ ಕರಿ, ನನಗೆ ಗೋಡೆಯಾಚೆ ಕೇಳಿದರೂ ಪರವಾಗಿಲ್ಲ.

ಆಮೇಲೆ ಎದ್ದು ಬಾ. ಬಹಳ ಹೊತ್ತು ಕೂರಬೇಡ, ನಾನು ಇಲ್ಲಿ ಕಾಯ್ತಿರ್ತೀನಿ.

ನಿನ್ನ ಅಮ್ಮ,
ಮಲ್ಲಿ